ಹಾಜರಿ ಅಲ್ಲಿ, ಮನಸ್ಸು ಇಲ್ಲಿ: ದುಬೈಯಲ್ಲಿ ಕಲಿಸುವ ನಮ್ಮ ಟೀಚರುಗಳು

ಗಲ್ಫ್ ಎಂದೊಡನೆ ನಮಗೆ ನೆನಪಾಗುವುದು ತೈಲ ಕಂಪೆನಿ, ಹೊಟೇಲು, ಕಟ್ಟಡ ಕಾಮಗಾರಿ. ಅಲ್ಲಿಗೆ ಹೋಗಿ ದುಡಿದು ಹೆಸರು ಮಾಡಿದ ಉದ್ಯಮಿಗಳಿಗೆ ನಮ್ಮ ಸಂಘಗಳು ಶಾಲು ಹೊದೆಸಿ, ಫಲಪುಷ್ಪ ನೀಡಿ ಗೌರವಿಸಿವೆ. ಅದು ಸರಿಯೇ. ಆದರೆ ಅದೇ ನಾಡಿನಲ್ಲಿ ಇನ್ನೂ ಕತ್ತಲಿರುವಾಗಲೇ ಎದ್ದು, ತನಗೊಂದು, ಮಗುವಿಗೊಂದು ಡಬ್ಬಿ ಕಟ್ಟಿಕೊಂಡು ಶಾಲೆಯ ಬಸ್ಸಿಗೆ ಕಾಯುವ ನಮ್ಮ ಟೀಚರುಗಳ ಬಗ್ಗೆ ಮಾತು ಬಂದದ್ದು ಕಡಿಮೆ. ಮುಂಬಯಿ, ಮಂಗಳೂರು, ಉಡುಪಿ ಕಡೆಗಳಲ್ಲಿ ಬಿ.ಎಡ್. ಮುಗಿಸಿದ ಎಷ್ಟೋ ಹೆಣ್ಣುಮಕ್ಕಳು ಇಂದು ದುಬೈ, ಶಾರ್ಜಾ, ಮಸ್ಕತ್, ಕುವೈಟ್, ದೋಹಾದ ಭಾರತೀಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದಾರೆ.

ಡೊಂಬಿವಲಿಯಲ್ಲಿ ಬೆಳೆದ ನಾನೂ ಅವರಲ್ಲಿ ಒಬ್ಬಳು. 2006ರಲ್ಲಿ ದುಬೈಗೆ ಹೋಗಿ, ಅಲ್ಲಿನ ಭಾರತೀಯ ಪಠ್ಯಕ್ರಮದ ಶಾಲೆಯಲ್ಲಿ ಹದಿನೇಳು ವರ್ಷ ಗಣಿತ ಕಲಿಸಿ, 2023ರಲ್ಲಿ ಮುಂಬಯಿಗೆ ಮರಳಿದೆ. ಬಂದಂದಿನಿಂದ ಸಂಘದ ಕಾರ್ಯಕ್ರಮಗಳಲ್ಲಿ ಎದುರಾಗುವ ಪ್ರಶ್ನೆ ಒಂದೇ: ಮಗಳಿಗೆ ಅಥವಾ ಸೊಸೆಗೆ ದುಬೈ ಶಾಲೆಯಿಂದ ಕರೆ ಬಂದಿದೆ, ಕಳಿಸಬಹುದೇ? ಒಂದು ಮಾತಿನಲ್ಲಿ ಹೌದು, ಇಲ್ಲ ಎಂದು ಹೇಳುವ ವಿಷಯ ಇದಲ್ಲ. ಅಲ್ಲಿನ ಟೀಚರಿನ ದಿನ ಹೇಗಿರುತ್ತದೆ, ವರ್ಷ ಹೇಗೆ ಉರುಳುತ್ತದೆ, ಕೊನೆಯಲ್ಲಿ ಕೈಗೆ ಏನು ಉಳಿಯುತ್ತದೆ ಎಂಬುದನ್ನು ತಿಳಿದುಕೊಂಡವರು ತಾವೇ ತೀರ್ಮಾನಿಸಬಹುದು.

ಕಾಗದಪತ್ರದ ದಾರಿ

ಮೊದಲು ಬರುವುದು ಕಾಗದಪತ್ರದ ಓಡಾಟ. ಪದವಿ ಪ್ರಮಾಣಪತ್ರ ಮತ್ತು ಬಿ.ಎಡ್. ಪ್ರಮಾಣಪತ್ರಗಳಿಗೆ ಇಲ್ಲಿನ ರಾಜ್ಯ ಸರಕಾರದ ಮುದ್ರೆ, ವಿದೇಶಾಂಗ ಇಲಾಖೆಯ ಮುದ್ರೆ, ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ಇದಕ್ಕೆ ಅಟೆಸ್ಟೇಶನ್ ಎನ್ನುತ್ತಾರೆ. ಪೊಲೀಸರಿಂದ ನಡತೆಯ ಪ್ರಮಾಣಪತ್ರ ಬೇಕು. ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಮನೆತನ ಸೇರಿಸಿಕೊಂಡ ಇನ್ನೊಂದು ಹೆಸರು ಇದ್ದರೆ ಇನ್ನಷ್ಟು ಅಲೆದಾಟ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ತೀರಾ ಸಾಮಾನ್ಯವಾದ ತೊಂದರೆ. ಹೋಗುವ ಯೋಚನೆ ಇರುವವರು ಹೆಸರನ್ನು ಮೊದಲೇ ಸರಿಮಾಡಿಸಿಕೊಳ್ಳುವುದು ಜಾಣತನ.

ದುಬೈಯಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೆಎಚ್‌ಡಿಎ. ಇದು 2006ರಲ್ಲಿ ಸ್ಥಾಪನೆಯಾಯಿತು. ಶಿಕ್ಷಕರ ನೇಮಕಾತಿಗೆ ಇದರ ಒಪ್ಪಿಗೆ ಬೇಕು. ಆಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಕೊನೆಗೆ ಎರಡು ವರ್ಷದ ವೀಸಾ. ಎರಡು ವರ್ಷ ಮುಗಿದೊಡನೆ ಮತ್ತೆ ಪರೀಕ್ಷೆ, ಮತ್ತೆ ನವೀಕರಣ. ನಾವು ಎಷ್ಟೇ ವರ್ಷ ಅಲ್ಲಿ ಕಲಿಸಿದರೂ ನಮ್ಮ ಬದುಕಿನ ಮೇಲೆ ಒಂದು ತಾರೀಕು ಬರೆದಿರುತ್ತದೆ. ಕೆಲಸ ಇರುವ ತನಕ ವೀಸಾ, ವೀಸಾ ಇರುವ ತನಕ ಮನೆ. ಈ ಒಂದು ಮಾತು ಅರ್ಥವಾದರೆ ಗಲ್ಫ್ ಬದುಕಿನ ಅರ್ಧ ಅರ್ಥವಾದಂತೆಯೇ.

ಬೆಳಿಗ್ಗೆ ನಾಲ್ಕೂವರೆಯಿಂದ

ದುಬೈಯಲ್ಲಿ ಬಾಡಿಗೆ ದುಬಾರಿ ಎಂದು ನಮ್ಮವರಲ್ಲಿ ಬಹಳ ಮಂದಿ ಶಾರ್ಜಾದಲ್ಲಿ ಮನೆ ಮಾಡುತ್ತಾರೆ. 2009ರಲ್ಲಿ ಆರಂಭವಾದ ದುಬೈ ಮೆಟ್ರೋ ಶಾರ್ಜಾಕ್ಕೆ ಬರುವುದಿಲ್ಲ. ಎರಡೂ ಊರುಗಳ ನಡುವಿನ ಅಲ್ ಇತ್ತಿಹಾದ್ ರಸ್ತೆಯಲ್ಲಿ ಬೆಳಗಿನ ವಾಹನಗಳ ಸಾಲು ನೋಡಿದವರಿಗೆ ನಮ್ಮ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ ನೆನಪಾಗದೆ ಇರದು. ಆದ್ದರಿಂದ ಟೀಚರು ನಾಲ್ಕೂವರೆಗೆ ಏಳಬೇಕು. ಐದೂವರೆ, ಆರಕ್ಕೆ ಬಸ್ಸು. ಅದೇ ಬಸ್ಸಿನಲ್ಲಿ ಹಿಂದಿನ ಸೀಟುಗಳಲ್ಲಿ ಮಕ್ಕಳು ನಿದ್ದೆ ಹೊಡೆಯುತ್ತಿರುತ್ತಾರೆ. ಮುಂದಿನ ಸೀಟಿನಲ್ಲಿ ಟೀಚರುಗಳು ನೋಟ್‌ಪುಸ್ತಕ ತಿದ್ದುತ್ತಿರುತ್ತಾರೆ.

ಬೆಳಗಿನ ಪ್ರಾರ್ಥನೆಯಲ್ಲಿ ಆ ನಾಡಿನ ರಾಷ್ಟ್ರಗೀತೆ, ಜತೆಗೆ ನಮ್ಮ ಜನಗಣಮನ. ತರಗತಿಯಲ್ಲಿ ಕೇರಳದ ಮಕ್ಕಳ ಸಂಖ್ಯೆ ಹೆಚ್ಚು. ತಮಿಳರು, ಗುಜರಾತಿಗಳು, ಮರಾಠಿಗಳು, ಹೈದರಾಬಾದಿನವರು, ನಡುವೆ ಮಂಗಳೂರು, ಭಟ್ಕಳದ ನಾಲ್ಕೈದು ಮಕ್ಕಳು. ಪಠ್ಯ ಸಿಬಿಎಸ್‌ಇಯದ್ದು. ಅದರ ಜತೆಗೆ ಅರಬ್ಬಿ ಭಾಷೆ, 2017ರಿಂದ ನೈತಿಕ ಶಿಕ್ಷಣ. ಹಾಜರಿ ಕರೆಯುವಾಗ ಇಡೀ ಭಾರತದ ಭೂಪಟವನ್ನೇ ಓದಿದಂತಾಗುತ್ತದೆ.

ನಮ್ಮಲ್ಲಿ ಟೀಚರ ಕೆಲಸವೆಂದರೆ ಅರ್ಧ ದಿನದ ಕೆಲಸ ಎಂಬ ಭಾವನೆ ಇದೆ. ಅಲ್ಲಿ ಹಾಗಲ್ಲ. ಪ್ರತಿ ಪಾಠಕ್ಕೂ ಲಿಖಿತ ಯೋಜನೆ, ಪ್ರತಿ ಮಗುವಿನ ಪ್ರಗತಿಗೂ ದಾಖಲೆ, ಹೆತ್ತವರ ಇ-ಮೇಲ್‌ಗಳಿಗೆ ಅಂದೇ ಉತ್ತರ. 2008-09ರಿಂದ ಕೆಎಚ್‌ಡಿಎ ಶಾಲೆಗಳ ತಪಾಸಣೆ ಆರಂಭಿಸಿತು. ಅತ್ಯುತ್ತಮದಿಂದ ದುರ್ಬಲದವರೆಗೆ ಶ್ರೇಣಿ ನೀಡಿ ವರದಿಯನ್ನು ಬಹಿರಂಗವಾಗಿಯೇ ಪ್ರಕಟಿಸತೊಡಗಿತು. ಶಾಲೆ ಎಷ್ಟು ಫೀಸು ಹೆಚ್ಚಿಸಬಹುದು ಎನ್ನುವುದಕ್ಕೂ ಈ ಶ್ರೇಣಿಗೂ ನಂಟು. ತಪಾಸಣೆಯ ವಾರವೆಂದರೆ ಮನೆಯಲ್ಲಿ ಒಲೆ ಹಚ್ಚುವುದಕ್ಕೂ ಪುರುಸೊತ್ತಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಮಗುವಿಗೆ ಅರ್ಥವಾಯಿತೇ ಎಂದು ನೋಡಿ ಮುಂದಿನ ಪಾಠಕ್ಕೆ ಹೋಗುವ ಅಭ್ಯಾಸ ನನಗೆ ಗಟ್ಟಿಯಾದದ್ದು ಈ ತಪಾಸಣೆಗಳಿಂದಲೇ.

ರಂಜಾನ್ ತಿಂಗಳಲ್ಲಿ ಶಾಲೆಯ ಸಮಯ ಕಡಿಮೆ. ಉಪವಾಸವಿರುವ ಮಕ್ಕಳ ಎದುರು ನಾವು ನೀರು ಕುಡಿಯುವುದಿಲ್ಲ. ಉಪವಾಸವಿಲ್ಲದ ಪುಟ್ಟ ಮಕ್ಕಳಿಗೆ ಬೇರೆ ಕೋಣೆಯಲ್ಲಿ ಊಟದ ವ್ಯವಸ್ಥೆ. ಇದನ್ನು ಯಾರೂ ಬಲವಂತದಿಂದ ಕಲಿಸಬೇಕಾಗಿಲ್ಲ. ಹತ್ತು ಮಂದಿಯ ನಡುವೆ ಚಾಳಿನಲ್ಲಿ ಬೆಳೆದ ನಮಗೆ ಇದು ಸಹಜವಾಗಿಯೇ ಬರುತ್ತದೆ.

ಮದುವೆ ಇಲ್ಲದ ರಜೆ

ಅಲ್ಲಿನ ಭಾರತೀಯ ಶಾಲೆಗಳಲ್ಲಿ ಹೊಸ ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಕಾರಣ ಅಲ್ಲಿನ ಸೆಕೆ. ಆಗ ಉಷ್ಣತೆ 45 ಡಿಗ್ರಿ ದಾಟುವುದುಂಟು. ಈಗ ನಮ್ಮ ಕರಾವಳಿಯ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್, ಮೇ ಎಂದರೆ ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಯಕ್ಷಗಾನದ ಕಾಲ. ಮೇ ಕೊನೆಯಲ್ಲಿ ಪತ್ತನಾಜೆ ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ನಾವು ಬಂದಿಳಿಯುವುದು ಆಟಿ ತಿಂಗಳ ಹೊಸ್ತಿಲಲ್ಲಿ, ಧಾರಾಕಾರ ಮಳೆಗೆ. ಆಟಿಯಲ್ಲಿ ಶುಭಕಾರ್ಯವಿಲ್ಲ. ಸೋಣ ಬಂದು ಮತ್ತೆ ಮನೆಗಳಲ್ಲಿ ಚಪ್ಪರ ಏಳುವ ಹೊತ್ತಿಗೆ ನಮ್ಮ ಗಂಟುಮೂಟೆ ಕಟ್ಟಿ ಆಗಿರುತ್ತದೆ.

ಇನ್ನೊಂದು ರಜೆ ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ. ಅದು ಧನುರ್ಮಾಸ. ಒಂದೆರಡು ಆಟ ನೋಡಬಹುದು, ಮದುವೆ ಆಗಲೂ ಇಲ್ಲ. ಹೀಗಾಗಿ ಹದಿನೇಳು ವರ್ಷಗಳಲ್ಲಿ ನಾನು ಕುಟುಂಬದ ಮದುವೆಗಳನ್ನು ನೋಡಿದ್ದು ಹೆಚ್ಚಾಗಿ ಆಲ್ಬಂನಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ಕೊನೆಕೊನೆಗೆ ಮೊಬೈಲಿನಲ್ಲಿ. ಉಡುಗೊರೆ ಕಳಿಸಬಹುದು, ಹಣ ಕಳಿಸಬಹುದು. ಮಕ್ಕಳ ಹಾಜರಿ ದಿನವೂ ಬರೆಯುವ ನಾವು ನಮ್ಮವರ ನಡುವೆ ಮಾತ್ರ ಗೈರುಹಾಜರಿ. ಊರಿನಲ್ಲಿ ಹಿರಿಯರು ಆಸ್ಪತ್ರೆ ಸೇರಿದರೆ ಮೂರು ಗಂಟೆಯ ವಿಮಾನ ಪ್ರಯಾಣ ಹತ್ತಿರವೇ. ಆದರೆ ಪರೀಕ್ಷೆಯ ನಡುವೆ ರಜೆ ಸಿಗುವುದು ಕಷ್ಟ, ರಜೆಯ ಕಾಲದಲ್ಲಿ ಟಿಕೆಟಿನ ದರ ಕೈಗೆಟಕುವುದಿಲ್ಲ.

ವಾರದ ರಜೆಯ ಕಥೆಯೂ ಹೀಗೆಯೇ. ಮೊದಲು ಗುರುವಾರ, ಶುಕ್ರವಾರ ರಜೆ ಇತ್ತು. 2006ರ ಸೆಪ್ಟೆಂಬರಿನಿಂದ ಶುಕ್ರವಾರ, ಶನಿವಾರ ಆಯಿತು. ಹದಿನೈದು ವರ್ಷ ಕಾಲ ಮುಂಬಯಿಯವರಿಗೆ ಭಾನುವಾರ ರಜೆ ಇದ್ದಾಗ ನಮಗೆ ಅದು ವಾರದ ಮೊದಲ ದಿನ. ಇಲ್ಲಿ ಸಂಘದ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಅಲ್ಲಿ ನಾವು ಸಮೀಕರಣ ಬಿಡಿಸುತ್ತಿದ್ದೆವು. 2022ರ ಜನವರಿಯಿಂದ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಎಂದಾಯಿತು. ಭಾನುವಾರ ಬೆಳಿಗ್ಗೆ ಅಮ್ಮನೊಡನೆ ಅವಸರವಿಲ್ಲದೆ ಫೋನಿನಲ್ಲಿ ಮಾತಾಡಲು ಸಾಧ್ಯವಾದದ್ದು ಆಗ. ಹೊರಗಿನವರಿಗೆ ಇದು ಚಿಕ್ಕ ವಿಷಯ. ನಮಗೆ ಹಬ್ಬ.

ಖಾಲಿಯಾಗುವ ಬೆಂಚು

ಗಲ್ಫಿನ ಟೀಚರಿಗೆ ಊರಿನ ಟೀಚರಿಗಿಲ್ಲದ ಒಂದು ಅನುಭವವಿದೆ. ಆರ್ಥಿಕ ಸ್ಥಿತಿ ಕೆಟ್ಟರೆ ಅದು ಪತ್ರಿಕೆಗೆ ಬರುವ ಮೊದಲೇ ನಮ್ಮ ಹಾಜರಿ ಪುಸ್ತಕಕ್ಕೆ ಬರುತ್ತದೆ. 2008ರ ಕೊನೆಯಲ್ಲಿ ದುಬೈಯ ಕಟ್ಟಡ ವ್ಯವಹಾರ ಕುಸಿಯಿತು. 2009ರಲ್ಲಿ ಒಂದರ ಹಿಂದೆ ಒಂದರಂತೆ ಮಕ್ಕಳು ಟಿ.ಸಿ. ಕೇಳಿಕೊಂಡು ಬಂದರು. ತಂದೆಯ ಕೆಲಸ ಹೋಗಿದೆ ಎಂದು ಮಗು ಹೇಳುವುದಿಲ್ಲ. "ಅಜ್ಜಿಗೆ ಹುಷಾರಿಲ್ಲ ಟೀಚರ್, ಊರಿಗೆ ಹೋಗ್ತೇವೆ" ಎನ್ನುತ್ತದೆ. ಕೆಲವು ಮನೆಗಳಲ್ಲಿ ತಾಯಿ, ಮಕ್ಕಳನ್ನು ಊರಿಗೆ ಕಳಿಸಿ ತಂದೆ ಮಾತ್ರ ಬೆಡ್‌ಸ್ಪೇಸಿನಲ್ಲಿ ಉಳಿದರು. ಬೆಡ್‌ಸ್ಪೇಸ್ ಎಂದರೆ ಒಂದು ಕೋಣೆಯಲ್ಲಿ ಒಂದು ಮಂಚದ ಜಾಗವನ್ನು ಮಾತ್ರ ಬಾಡಿಗೆಗೆ ಪಡೆಯುವುದು. ಮುಂಬಯಿಯ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ.

2020ರಲ್ಲಿ ಕೊರೊನಾ ಬಂದಾಗ ಇದೇ ಕಥೆ ಮರುಕಳಿಸಿತು. ಮಾರ್ಚ್ 8ರಿಂದ ಶಾಲೆಗಳು ಮುಚ್ಚಿದವು. ಮಾರ್ಚ್ 22ರಿಂದ ಮನೆಯಿಂದಲೇ ಪಾಠ. ಒಂದೇ ಕೋಣೆಯ ಮನೆಯಲ್ಲಿ ಟೀಚರು ಅಡಿಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಪಾಠ ಮಾಡಿದರೆ, ಅವಳ ಮಗು ಮಂಚದ ಮೇಲೆ ಕುಳಿತು ಇನ್ನೊಬ್ಬ ಟೀಚರ ಪಾಠ ಕೇಳುತ್ತಿತ್ತು. ವಿಮಾನಗಳು ನಿಂತವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಆರಂಭವಾದಾಗ ಹೆಸರು ನೋಂದಾಯಿಸಿದವರಲ್ಲಿ ನನ್ನ ತರಗತಿಯ ಮಕ್ಕಳ ಕುಟುಂಬಗಳೂ ಇದ್ದವು. ಕೆಲವು ಶಾಲೆಗಳಲ್ಲಿ ಟೀಚರುಗಳ ಸಂಬಳವೂ ಕಡಿತವಾಯಿತು.

ಈ ಎರಡೂ ಸಂದರ್ಭಗಳಲ್ಲಿ ಒಂದು ಸಂಗತಿ ಕಂಡೆ. ಗಂಡನ ಕೆಲಸ ಹೋದ ಎಷ್ಟೋ ಮನೆಗಳು ಟೀಚರ ವೀಸಾದ ಮೇಲೆ ನಿಂತವು. ಶಿಕ್ಷಕಿಯರಿಗೆ ಗಂಡ, ಮಕ್ಕಳನ್ನು ತಮ್ಮ ವೀಸಾದಲ್ಲಿ ಇರಿಸಿಕೊಳ್ಳುವ ಅವಕಾಶ ಹಿಂದಿನಿಂದಲೂ ಇತ್ತು. 2019ರ ಬದಲಾವಣೆಯ ನಂತರ ಯಾವ ವೃತ್ತಿಯೇ ಆಗಲಿ, ತಿಂಗಳಿಗೆ 4,000 ದಿರ್ಹಂ ಸಂಬಳ, ಅಥವಾ 3,000 ದಿರ್ಹಂ ಜತೆಗೆ ವಸತಿ ಇದ್ದರೆ ಕುಟುಂಬವನ್ನು ಇರಿಸಿಕೊಳ್ಳಬಹುದು. "ಅವಳದ್ದು ಕೈಖರ್ಚಿನ ಸಂಬಳ" ಎಂದು ಹಗುರವಾಗಿ ಮಾತಾಡುತ್ತಿದ್ದ ಬಂಧುಗಳ ಬಾಯಿ ಆಗ ಕಟ್ಟಿತು.

ಕೈಗೆ ಉಳಿಯುವುದೆಷ್ಟು?

ಈಗ ಎಲ್ಲರೂ ಕೇಳುವ, ಯಾರೂ ಬಿಡಿಸಿ ಹೇಳದ ವಿಷಯಕ್ಕೆ ಬರೋಣ. 2006ರಲ್ಲಿ ನನ್ನ ಮೊದಲ ಸಂಬಳ 2,200 ದಿರ್ಹಂ. ಆಗಿನ ದರದಲ್ಲಿ ಒಂದು ದಿರ್ಹಂಗೆ ಹನ್ನೆರಡು ರೂಪಾಯಿಯ ಆಸುಪಾಸು. 2023ರಲ್ಲಿ ಅದೇ ದಿರ್ಹಂಗೆ 22 ರೂಪಾಯಿ ದಾಟಿತ್ತು. ದಿರ್ಹಂ ಬೆಳೆದದ್ದರಿಂದ ಹೀಗಾದದ್ದಲ್ಲ. 1997ರಿಂದ ಅದರ ಬೆಲೆ ಡಾಲರಿಗೆ 3.6725 ಎಂದು ಕಟ್ಟಿಹಾಕಿದಂತಿದೆ. ಇಳಿದದ್ದು ನಮ್ಮ ರೂಪಾಯಿ. ಊರಿಗೆ ಕಳಿಸುವಾಗ ಇದು ಲಾಭವೆಂದು ಕಂಡರೂ ಬಾಡಿಗೆ, ಬಸ್ಸು, ಮಕ್ಕಳ ಫೀಸು ಎಲ್ಲವನ್ನೂ ಕೊಡುವುದು ದಿರ್ಹಂನಲ್ಲಿಯೇ. ಕೆಲವು ಶಾಲೆಗಳು ಟೀಚರ ಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತವೆ. ಎಷ್ಟು, ಎಷ್ಟು ಮಕ್ಕಳಿಗೆ ಎನ್ನುವುದು ಶಾಲೆಯಿಂದ ಶಾಲೆಗೆ ಬೇರೆ. ಇಬ್ಬರು ಮಕ್ಕಳಿರುವ ಟೀಚರಿಗೆ ಉಳಿತಾಯ ಆಗುವುದೂ, ಆಗದಿರುವುದೂ ಬಹುಪಾಲು ಈ ಒಂದು ಅಂಶದ ಮೇಲೆ ನಿಂತಿದೆ.

ನಮಗೆ ಪಿಂಚಣಿ ಇಲ್ಲ. ಕೊನೆಯಲ್ಲಿ ಸಿಗುವುದು ಗ್ರಾಚ್ಯುಟಿ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಅನಂತರದ ವರ್ಷಗಳಿಗೆ 30 ದಿನದ ಮೂಲ ಸಂಬಳ. ಮೂಲ ಸಂಬಳ ಎಂಬ ಶಬ್ದವನ್ನು ಗಮನಿಸಿ. ಕೈಗೆ 5,000 ದಿರ್ಹಂ ಬರುತ್ತಿದ್ದರೂ ಕರಾರಿನಲ್ಲಿ ಮೂಲ ಸಂಬಳ 3,000 ಎಂದಿದ್ದರೆ ಲೆಕ್ಕ 3,000ದ ಮೇಲೆಯೇ. ಹದಿನೈದು ವರ್ಷ ದುಡಿದರೆ ಮೊದಲ ಐದು ವರ್ಷಕ್ಕೆ 10,500, ಮುಂದಿನ ಹತ್ತು ವರ್ಷಕ್ಕೆ 30,000, ಒಟ್ಟು 40,500 ದಿರ್ಹಂ. ದಿರ್ಹಂಗೆ 22 ರೂಪಾಯಿಯಂತೆ ಸುಮಾರು 8 ಲಕ್ಷ 91 ಸಾವಿರ ರೂಪಾಯಿ. ಹದಿನೈದು ವರ್ಷದ ದುಡಿಮೆಗೆ ಇದು. ಇದರಲ್ಲಿ ಮುಂಬಯಿಯ ಉಪನಗರದಲ್ಲಿ ಒಂದು ಕೋಣೆಯ ಮನೆಯೂ ಬರುವುದಿಲ್ಲ. ಆದ್ದರಿಂದ ತಿಂಗಳು ತಿಂಗಳೂ ತಾನೇ ಉಳಿಸಿದ್ದು ಮಾತ್ರ ತನ್ನದು.

ಟ್ಯೂಷನ್ ಮಾಡಿ ಸಂಪಾದಿಸಬಹುದಲ್ಲ ಎನ್ನುವವರಿದ್ದಾರೆ. ಬಹುಕಾಲ ಅಲ್ಲಿ ಅನುಮತಿಯಿಲ್ಲದೆ ಮನೆಪಾಠ ಮಾಡುವುದು ಕಾನೂನುಬಾಹಿರವಾಗಿತ್ತು, ಪಡೆಯಲು ಸುಲಭದ ಅನುಮತಿಯೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಖಾಸಗಿ ಪಾಠಕ್ಕೆ ಎರಡು ವರ್ಷದ ಪರವಾನಿಗೆ ನೀಡುವ ವ್ಯವಸ್ಥೆ ಬಂತು. ಅದಕ್ಕೆ ಶುಲ್ಕವಿಲ್ಲ. 2024ರ ಅಕ್ಟೋಬರಿನಲ್ಲಿ ದುಬೈ ಸರಕಾರ ಖಾಸಗಿ ಶಾಲೆಗಳ ಅತ್ಯುತ್ತಮ ಶಿಕ್ಷಕರಿಗೆ ದೀರ್ಘಾವಧಿಯ ಗೋಲ್ಡನ್ ವೀಸಾ ಪ್ರಕಟಿಸಿತು. ಒಳ್ಳೆಯ ಬದಲಾವಣೆಗಳೇ. ಆದರೆ ಗೋಲ್ಡನ್ ವೀಸಾ ಸಿಗುವುದು ಆಯ್ದ ಕೆಲವರಿಗೆ. ಉಳಿದವರ ಬದುಕು ಎರಡೆರಡು ವರ್ಷದ್ದೇ.

ಕನ್ನಡದ ಒಂದು ಗಂಟೆ

ಆರ್ಥಿಕ ವಿಷಯ ಬದಿಗಿಟ್ಟರೆ ನಮ್ಮನ್ನು ಕಾಡುವುದು ಮಕ್ಕಳ ಕನ್ನಡ. ನಾನು ಕಂಡ ಶಾಲೆಗಳಲ್ಲಿ ಎರಡನೇ ಭಾಷೆಯಾಗಿ ಹಿಂದಿ, ಮಲಯಾಳ, ಫ್ರೆಂಚ್ ಇದ್ದವು, ಕನ್ನಡ ಇರಲಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕನ್ನಡ ಮಾತಾಡುವ ಮಗು ಕನ್ನಡ ಓದಲು ಬರೆಯಲು ಬಾರದೆ ಬೆಳೆಯುತ್ತದೆ. ಈ ಕೊರತೆಯನ್ನು ನೀಗಲು ಅಲ್ಲಿನ ಕನ್ನಡಿಗರೇ ಮುಂದೆ ಬಂದಿದ್ದಾರೆ. ಕನ್ನಡ ಮಿತ್ರರು ಯುಎಇ ಸಂಘಟನೆಯ ದುಬೈ ಕನ್ನಡ ಪಾಠಶಾಲೆಯಲ್ಲಿ ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸಲಾಗುತ್ತಿದೆ. ವಾರವಿಡೀ ಬೇರೆ ಕೆಲಸದಲ್ಲಿ ದಣಿದವರೇ ರಜೆಯ ದಿನ ಸಂಬಳವಿಲ್ಲದೆ ಕಲಿಸುವವರು.

ಇದು ನಮಗೆ ಹೊಸದಲ್ಲ. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಅಕ್ಷರ ಕಲಿತ ಹುಡುಗರಿಂದಲೇ ಮುಂಬಯಿಯ ಕನ್ನಡ ಸಮಾಜ ಕಟ್ಟಿದ್ದು. ಫೋರ್ಟಿನ ರಾತ್ರಿ ಶಾಲೆಗಳಲ್ಲಿ ಅವರಿಗೆ ಕಲಿಸಿದ ಮಾಸ್ತರರನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. ಆಗ ಊರಿನಿಂದ ಬಂದವರಿಗೆ ಮುಂಬಯಿಯೇ ದುಬೈ. ಇಂದು ದುಬೈಯ ಮಕ್ಕಳಿಗೆ ಕಾಗುಣಿತ ಹೇಳಿಕೊಡುವವರು ಆ ಮಾಸ್ತರರ ಬಳಗದವರೇ ಎಂದರೆ ತಪ್ಪಾಗಲಾರದು.

ಹೋಗುವ ಮುನ್ನ

ಹೊರಡುವ ಯೋಚನೆಯಲ್ಲಿರುವ ತಂಗಿಯರಿಗೆ ಕೆಲವು ಮಾತು. ಕರಾರಿನಲ್ಲಿ ಒಟ್ಟು ಸಂಬಳವನ್ನಷ್ಟೇ ಅಲ್ಲ, ಮೂಲ ಸಂಬಳ ಎಷ್ಟೆಂದು ನೋಡಿ. ವಸತಿ ಕೊಡುತ್ತಾರೆಯೇ, ಬೇಸಿಗೆ ರಜೆಯಲ್ಲಿ ಸಂಬಳ ಉಂಟೇ, ವರ್ಷಕ್ಕೆ ಟಿಕೆಟು ಕೊಡುತ್ತಾರೆಯೇ, ಮಕ್ಕಳ ಫೀಸಿನಲ್ಲಿ ಎಷ್ಟು ರಿಯಾಯಿತಿ ಎಂಬುದನ್ನು ಬರಹದಲ್ಲಿಯೇ ಪಡೆಯಿರಿ. ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲು ಮಾಡಬಾರದೆಂದು ಅಲ್ಲಿನ ಕಾನೂನು ಹೇಳುತ್ತದೆ. ಆದ್ದರಿಂದ ಲಕ್ಷಗಟ್ಟಲೆ ಕೇಳುವ ಏಜೆಂಟನಿಂದ ದೂರವಿರಿ. ವಿಸಿಟ್ ವೀಸಾದಲ್ಲಿ ಹೋಗಿ ಪಾಠ ಆರಂಭಿಸಬೇಡಿ, ಅದು ಅಪರಾಧ. ಪಾಸ್‌ಪೋರ್ಟನ್ನು ಶಾಲೆ ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ. ಕೆಲಸ ಹೋದರೆ ನೆರವಾಗುವ ವಿಮೆ 2023ರಿಂದ ಕಡ್ಡಾಯವಾಗಿದೆ. ಅದನ್ನು ತಪ್ಪದೆ ಮಾಡಿಸಿಕೊಳ್ಳಿ. ಸತತ ಹನ್ನೆರಡು ತಿಂಗಳು ಕಂತು ಕಟ್ಟಿದವರಿಗೆ ಮೂಲ ಸಂಬಳದ ಶೇ. 60ರಷ್ಟು ಗರಿಷ್ಠ ಮೂರು ತಿಂಗಳು ಸಿಗುತ್ತದೆ. ಮೊದಲ ತಿಂಗಳಿನಿಂದಲೇ ನಿಮ್ಮ ಹೆಸರಿನ ಖಾತೆಗೆ ಒಂದಿಷ್ಟು ಹಣ ಕಳಿಸುವ ಅಭ್ಯಾಸ ಮಾಡಿ. ಮನೆಯ ಎಲ್ಲ ಖರ್ಚು ಮುಗಿದ ಮೇಲೆ ಉಳಿಸೋಣ ಎಂದರೆ ಅಲ್ಲಿ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸುವುದಕ್ಕಲ್ಲ. ನನ್ನಂಥ ಸಾಮಾನ್ಯ ಮನೆಯ ಹೆಣ್ಣುಮಗಳು ಸ್ವಂತ ದುಡಿಮೆಯಿಂದ ಇಬ್ಬರು ಮಕ್ಕಳನ್ನು ಓದಿಸಿ, ತಲೆಯೆತ್ತಿ ನಡೆಯಲು ಸಾಧ್ಯವಾದದ್ದು ಆ ಊರಿನಿಂದಲೇ. ಅಲ್ಲಿ ರಾತ್ರಿ ಹತ್ತಕ್ಕೂ ಒಬ್ಬಳೇ ನಿರ್ಭಯವಾಗಿ ಬಸ್ಸಿನಲ್ಲಿ ಬಂದಿದ್ದೇನೆ. ನನ್ನ ವಿದ್ಯಾರ್ಥಿಗಳು ಇಂದು ಹಲವು ದೇಶಗಳಲ್ಲಿದ್ದಾರೆ.

ಕೊನೆಯಲ್ಲಿ ನಮ್ಮ ಸಂಘ ಸಂಸ್ಥೆಗಳಿಗೊಂದು ವಿನಂತಿ. ಪ್ರತಿ ವರ್ಷ ಜುಲೈ, ಆಗಸ್ಟ್‌ನಲ್ಲಿ ಕೊಲ್ಲಿ ನಾಡಿನ ಎಷ್ಟೋ ಟೀಚರುಗಳು ಮುಂಬಯಿಯ ತವರಿಗೆ ಬಂದಿರುತ್ತಾರೆ. ಮದುವೆ, ಮುಂಜಿ ಇಲ್ಲದ ಆ ದಿನಗಳಲ್ಲಿ ಸಂಘದ ಸಭಾಗೃಹಗಳೂ ಹೆಚ್ಚಾಗಿ ಖಾಲಿಯೇ. ಒಂದು ಭಾನುವಾರ ಅವರನ್ನು ಕರೆದು, ಹೋಗಲಿರುವ ಹುಡುಗಿಯರನ್ನೂ ಅವರ ಹೆತ್ತವರನ್ನೂ ಎದುರು ಕೂರಿಸಿ, ಒಂದೆರಡು ಗಂಟೆ ಮಾತುಕತೆ ಏರ್ಪಡಿಸಬಹುದು. ಕರಾರು ಓದಿ ಹೇಳಬಲ್ಲ ವಕೀಲರು, ಉಳಿತಾಯದ ದಾರಿ ತೋರಬಲ್ಲ ಬ್ಯಾಂಕಿನವರು ನಮ್ಮಲ್ಲಿಯೇ ಇದ್ದಾರೆ. ಶಾಲು, ಹಾರ ಬೇಡ, ಮೈಕೂ ಬೇಡ. ಒಂದು ಕಪ್ ಚಹಾ ಸಾಕು. ಬಂದವರ ಹೆಸರು, ಊರು, ಶಾಲೆ ಬರೆದಿಟ್ಟುಕೊಂಡರೆ ಮುಂದೆ ಪರದೇಶದಲ್ಲಿ ತೊಂದರೆಗೆ ಸಿಲುಕಿದ ಒಬ್ಬ ಟೀಚರಿಗೆ ಅದೇ ಊರಿನ ಇನ್ನೊಬ್ಬ ಟೀಚರ ವಿಳಾಸ ಸಿಗುತ್ತದೆ. ಈ ವರ್ಷದ ಆಟಿಯಲ್ಲಿಯೇ ಯಾವುದಾದರೂ ಒಂದು ಸಂಘ ಇದಕ್ಕೆ ನಾಂದಿ ಹಾಡಲಿ.